ನಿಮ್ಮ ಹೆಸರಲ್ಲಿ ಬೇರೆಯವರ ಸಾಲ: ಗುರುತು ಕಳವಾದ ಮೇಲೆ ಏನು ಮಾಡಬೇಕು, ಹೊಣೆ ಯಾರದು?

2025ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ನಿಯಮಗಳನ್ನು ಹೊರಡಿಸಿತು. ಜನರ ಮಾಹಿತಿ ಸೋರಲು ಬಿಟ್ಟ ಕಂಪನಿಗೆ 250 ಕೋಟಿ ರೂಪಾಯಿವರೆಗೆ ದಂಡ ಅನ್ನೋ ಸಾಲು ಎಲ್ಲ ಕಡೆ ಓಡಾಡಿತು. ಓದಿದವರಿಗೆ ಸಹಜವಾಗಿ ಅನ್ನಿಸಿದ್ದು ಇಷ್ಟು: ಇನ್ನು ಮುಂದೆ ನಮ್ಮ ಪ್ಯಾನ್ ನಂಬರ್ ಬಳಸಿ ಯಾರಾದರೂ ಸಾಲ ತೆಗೆದರೆ ನಮಗೆ ಪರಿಹಾರ ಸಿಗುತ್ತೆ, ಅಲ್ವಾ?

ಸಿಗುವುದಿಲ್ಲ. ಆ ದಂಡದ ಹಣ ಸೇರುವುದು ಸರ್ಕಾರದ ಸಂಚಿತ ನಿಧಿಗೆ. ಕಷ್ಟಪಟ್ಟವರಿಗೆ ಅದರಲ್ಲಿ ಒಂದು ರೂಪಾಯಿಯೂ ಬರುವುದಿಲ್ಲ. ಕಂಪನಿಗಳ ಮೇಲಿನ ಮುಖ್ಯ ಕಟ್ಟುಪಾಡುಗಳು ಜಾರಿಯಾಗಲು 18 ತಿಂಗಳ ಗಡುವೂ ಇದೆ, ಅಂದರೆ 2027ರ ಮೇ ತನಕ. ಹಾಗಾಗಿ ಇವತ್ತು ಯಾರದಾದರೂ ಗುರುತು ಕಳವಾದರೆ ಅವರ ಕೈಹಿಡಿಯುವುದು ಹಳೆಯ ಕಾಯ್ದೆಗಳು ಮತ್ತು ರಿಸರ್ವ್ ಬ್ಯಾಂಕಿನ ನಿಯಮಗಳೇ. ಅವು ದುರ್ಬಲವಲ್ಲ, ಆದರೆ ಚದುರಿಹೋಗಿವೆ. ಪೊಲೀಸರು ಒಂದು ಕಡೆ, ಬ್ಯಾಂಕ್ ಇನ್ನೊಂದು ಕಡೆ, ಯಾರು ಎಷ್ಟು ಸಾಲ ತೆಗೆದರು, ಹೇಗೆ ತೀರಿಸಿದರು ಅನ್ನೋ ದಾಖಲೆ ಇಡುವ ಕ್ರೆಡಿಟ್ ಬ್ಯೂರೋ ಮತ್ತೊಂದು ಕಡೆ. ಯಾವ ಬಾಗಿಲನ್ನು ಯಾವಾಗ, ಯಾಕೆ ತಟ್ಟಬೇಕು ಅನ್ನೋದು ಗೊತ್ತಿಲ್ಲದೆ ಜನ ಅಲೆದಾಡುತ್ತಾರೆ.

ಹೆಸರು ಕದಿಯುವುದು ಇಷ್ಟು ಸುಲಭ ಯಾಕೆ

2023ರ ಆರಂಭದಲ್ಲಿ ದೆಹಲಿ ಪೊಲೀಸರು ಒಂದು ತಂಡವನ್ನು ಹಿಡಿದರು. ಹೆಸರಾಂತ ನಟರು, ಕ್ರಿಕೆಟಿಗರ ಹೆಸರಲ್ಲಿ ಕ್ರೆಡಿಟ್ ಕಾರ್ಡ್ ಮಾಡಿಸಿ 20 ಲಕ್ಷ ರೂಪಾಯಿಗೂ ಜಾಸ್ತಿ ಖರ್ಚು ಮಾಡಿದ್ದರು. ಅವರು ಯಾವ ಕಂಪ್ಯೂಟರಿಗೂ ಕನ್ನ ಹಾಕಿರಲಿಲ್ಲ. ಜಿಎಸ್‌ಟಿ ನಂಬರ್ ಯಾರು ಬೇಕಾದರೂ ನೋಡಬಹುದಾದ ಮಾಹಿತಿ. ಅದರ ಮೊದಲ ಎರಡು ಅಂಕೆ ರಾಜ್ಯದ ಸಂಕೇತ, ಆಮೇಲಿನ ಹತ್ತು ಅಕ್ಷರ ನೇರವಾಗಿ ಆ ವ್ಯಕ್ತಿಯ ಪ್ಯಾನ್. ಹುಟ್ಟಿದ ದಿನಾಂಕ ಇಂಟರ್‌ನೆಟ್‌ನಲ್ಲೇ ಸಿಕ್ಕಿತು. ಅದೇ ವಿವರ ಇಟ್ಟು, ಫೋಟೋ ಮಾತ್ರ ತಮ್ಮದು ಹಾಕಿ ಕಾರ್ಡ್ ತಯಾರಿಸಿಕೊಂಡರು. ವಿಡಿಯೋ ಪರಿಶೀಲನೆಯಲ್ಲಿ ಕಾರ್ಡಿನ ಮುಖಕ್ಕೂ ಎದುರಿಗಿದ್ದ ಮುಖಕ್ಕೂ ಹೊಂದಿಕೆಯಾಯಿತು.

ಸಮಸ್ಯೆಯ ಬೇರು ಇಲ್ಲೇ ಇದೆ. ಪ್ಯಾನ್, ಆಧಾರ್ ಇರುವುದು ಈ ವ್ಯಕ್ತಿ ಯಾರು ಅಂತ ಹೇಳುವುದಕ್ಕೆ. ಆದರೆ ಬಹಳ ಕಡೆ ಅವನ್ನೇ, ಎದುರಿಗಿರುವವನು ಅದೇ ವ್ಯಕ್ತಿ ಅನ್ನೋದಕ್ಕೆ ಸಾಕ್ಷಿ ಅಂತಲೂ ಒಪ್ಪಿಕೊಳ್ಳುತ್ತಾರೆ. ಮನೆ ನಂಬರ್ ಗೊತ್ತಿದ್ದವರಿಗೆಲ್ಲ ಬಾಗಿಲು ತೆಗೆದ ಹಾಗೆ ಇದು. ಪಾಸ್‌ವರ್ಡ್ ಸೋರಿದರೆ ಬದಲಾಯಿಸಬಹುದು. ಪ್ಯಾನ್ ನಂಬರನ್ನು ಹಾಗೆ ಬದಲಾಯಿಸಿಕೊಳ್ಳಲು ಆಗಲ್ಲ.

ಬೆರಳಚ್ಚು ಕೂಡ ಇದೇ ದಾರಿ ಹಿಡಿದಿದೆ. ನೋಂದಾಯಿತ ಆಸ್ತಿಪತ್ರಗಳಲ್ಲಿದ್ದ ಬೆರಳಚ್ಚು ನಕಲು ಮಾಡಿ, ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯಲ್ಲಿ ಹಣ ತೆಗೆದ ದೂರುಗಳು 2023ರಲ್ಲಿ ಬೆಂಗಳೂರಿನಲ್ಲೂ ಬಂದವು. ಇಷ್ಟಾದರೂ ಆಧಾರ್ ಜೆರಾಕ್ಸ್ ಕೊಡಬೇಕೋ ಬೇಡವೋ ಅನ್ನೋದರಲ್ಲೇ ಸರ್ಕಾರದಿಂದ ಸ್ಪಷ್ಟ ಮಾತು ಬಂದಿಲ್ಲ. 2022ರ ಮೇ ತಿಂಗಳಲ್ಲಿ ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿ, ಆಧಾರ್ ಪ್ರತಿ ಯಾರಿಗೂ ಕೊಡಬೇಡಿ, ಕೊಡಲೇಬೇಕಾದರೆ ನಂಬರ್ ಮರೆಮಾಡಿದ ಪ್ರತಿ ಕೊಡಿ ಅಂತ ಎಚ್ಚರಿಸಿತು. ಎರಡೇ ದಿನಕ್ಕೆ ಜನ ತಪ್ಪು ತಿಳಿಯಬಹುದು ಅಂತ ಆ ಪ್ರಕಟಣೆಯನ್ನು ವಾಪಸ್ ತೆಗೆದುಕೊಳ್ಳಲಾಯಿತು. ಸಲಹೆ ಸರಿಯಾಗಿಯೇ ಇತ್ತು. ವಾಪಸ್ ತೆಗೆದುಕೊಂಡಿದ್ದರಿಂದ ಜನರಿಗೆ ಆಗಿದ್ದು ಗೊಂದಲ ಮಾತ್ರ.

ದುಡ್ಡು ಹೋದರೆ ಒಂದು ದಾರಿ, ಹೆಸರು ಹೋದರೆ ಇನ್ನೊಂದು

ಈ ಎರಡನ್ನೂ ಒಂದೇ ಅಂದುಕೊಳ್ಳುವುದರಿಂದಲೇ ಜಾಸ್ತಿ ಹಾನಿ ಆಗುತ್ತದೆ.

ನಿಮ್ಮ ಖಾತೆಯಿಂದ ಹಣ ಹೋಗಿದ್ದರೆ ಗಡಿಯಾರ ಓಡುತ್ತಿದೆ ಅಂತಲೇ ತಿಳಿಯಿರಿ. ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಆ ಕರೆಯಿಂದ ಹಣ ಹೋಗಿ ಸೇರಿದ ಖಾತೆಯ ಬ್ಯಾಂಕಿಗೆ ಸಂದೇಶ ತಲುಪುತ್ತದೆ. ಅಲ್ಲಿ ಹಣ ಇನ್ನೂ ಇದ್ದರೆ ತಡೆಹಿಡಿಯಬಹುದು. ಕಳ್ಳರು ಅದನ್ನು ಖಾತೆಯಿಂದ ಖಾತೆಗೆ ಬೇಗ ಬೇಗ ದಾಟಿಸುವುದೂ ಇದೇ ಕಾರಣಕ್ಕೆ. ಜೊತೆಗೆ ನಿಮ್ಮ ಬ್ಯಾಂಕಿಗೂ ತಿಳಿಸಬೇಕು. ರಿಸರ್ವ್ ಬ್ಯಾಂಕ್ 2017ರ ಜುಲೈ 6ರ ಸುತ್ತೋಲೆಯಲ್ಲಿ ಇಟ್ಟ ನಿಯಮ ಹೀಗಿದೆ: ತಪ್ಪು ಬ್ಯಾಂಕಿನದೂ ಅಲ್ಲ, ಗ್ರಾಹಕರದೂ ಅಲ್ಲ, ಮೂರನೆಯವರು ನುಗ್ಗಿದ್ದಾರೆ ಅಂದಾಗ, ಬ್ಯಾಂಕಿನ ಸಂದೇಶ ಬಂದು 3 ಕೆಲಸದ ದಿನದೊಳಗೆ ತಿಳಿಸಿದರೆ ಗ್ರಾಹಕರ ಮೇಲೆ ನಷ್ಟವೇ ಬೀಳುವುದಿಲ್ಲ. 4ರಿಂದ 7 ಕೆಲಸದ ದಿನ ಆದರೆ ಖಾತೆಯ ಬಗೆ ನೋಡಿ ಒಂದು ಮಿತಿವರೆಗೆ ಬೀಳುತ್ತದೆ. ಓಟಿಪಿ ನೀವೇ ಹೇಳಿಬಿಟ್ಟಿದ್ದರೆ ಬ್ಯಾಂಕಿಗೆ ತಿಳಿಸುವ ತನಕದ ನಷ್ಟ ನಿಮ್ಮದೇ. ಗ್ರಾಹಕರದ್ದೇ ತಪ್ಪು ಅಂತ ತೋರಿಸುವ ಹೊಣೆಯನ್ನು ಮಾತ್ರ ಆ ಸುತ್ತೋಲೆ ಬ್ಯಾಂಕಿನ ಮೇಲೆಯೇ ಹಾಕಿದೆ.

ನಿಮ್ಮ ಹೆಸರಲ್ಲಿ ಬೇರೆಯವರು ಸಾಲ ತೆಗೆದಿದ್ದರೆ ಕಥೆಯೇ ಬೇರೆ. ನಿಮ್ಮ ಖಾತೆಯಿಂದ ಏನೂ ಹೋಗಿರುವುದಿಲ್ಲ. ಯಾವ ಸಂದೇಶವೂ ಬಂದಿರುವುದಿಲ್ಲ, ಯಾಕೆಂದರೆ ಅರ್ಜಿಯಲ್ಲಿ ಕೊಟ್ಟಿದ್ದು ಕಳ್ಳನ ಫೋನ್ ನಂಬರ್. ತಿಂಗಳುಗಟ್ಟಲೆ ಕಳೆದ ಮೇಲೆ ಮನೆ ಸಾಲಕ್ಕೆ ಹೋದಾಗಲೋ, ರಿಕವರಿ ಏಜೆಂಟ್ ಫೋನ್ ಮಾಡಿದಾಗಲೋ ವಿಷಯ ಹೊರಬೀಳುತ್ತದೆ. ಇಲ್ಲಿ ನಿಮಿಷಗಳ ಓಟಕ್ಕಿಂತ ಕಾಗದ ಮುಖ್ಯ. ನಿಮಗೆ ಯಾವಾಗ ಗೊತ್ತಾಯಿತು, ಯಾರಿಗೆ ಯಾವತ್ತು ತಿಳಿಸಿದಿರಿ ಅನ್ನೋದೆಲ್ಲ ಬರಹದಲ್ಲಿ ಇರಬೇಕು. ಗೊತ್ತಾದ ಮೇಲೂ ಸುಮ್ಮನಿದ್ದರೆ ಮುಂದೆ ಅದನ್ನೇ ನಿಮ್ಮ ವಿರುದ್ಧ ಎತ್ತುತ್ತಾರೆ.

ಕ್ರೆಡಿಟ್ ರಿಪೋರ್ಟಿನಲ್ಲಿ ಕಳ್ಳನ ವಿಳಾಸ

ಎಷ್ಟು ಹಾನಿ ಆಗಿದೆ ಅಂತ ತಿಳಿಯದೆ ದೂರು ಬರೆಯಲು ಕೂತರೆ ಅರ್ಧ ವಿಷಯ ಬಿಟ್ಟುಹೋಗುತ್ತದೆ. ಭಾರತದಲ್ಲಿ ನಾಲ್ಕು ಕ್ರೆಡಿಟ್ ಬ್ಯೂರೋಗಳಿವೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್. ವರ್ಷಕ್ಕೊಮ್ಮೆ ಪೂರ್ತಿ ರಿಪೋರ್ಟ್ ಪುಕ್ಕಟೆ ಕೊಡಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮವೇ ಇದೆ. ಸಿಬಿಲ್ ಒಂದನ್ನೇ ನೋಡಿ ಬಿಡಬೇಡಿ. ನಾಲ್ಕನ್ನೂ ತೆಗೆಯಿರಿ.

ಹೆಚ್ಚಿನವರು ಸ್ಕೋರ್ ನೋಡಿ ರಿಪೋರ್ಟ್ ಮುಚ್ಚುತ್ತಾರೆ. ಈ ಸಂದರ್ಭದಲ್ಲಿ ಸ್ಕೋರಿಗಿಂತ ಬೇರೆ ಮೂರು ಭಾಗಗಳಿಗೆ ಬೆಲೆ ಜಾಸ್ತಿ. ಮೊದಲನೆಯದು ಸಾಲಗಳ ಪಟ್ಟಿ. ಪ್ರತಿ ಸಾಲಕ್ಕೂ ಕೊಟ್ಟವರ ಹೆಸರು, ತೆರೆದ ದಿನ, ಮೊತ್ತ, ಕೆಳಗೆ ತಿಂಗಳು ತಿಂಗಳಿಗೆ ಎಷ್ಟು ದಿನ ಬಾಕಿ ಅನ್ನೋ ಅಂಕೆಗಳು ಇರುತ್ತವೆ. 000 ಅಂದರೆ ಬಾಕಿ ಇಲ್ಲ. 030, 060, 090 ಅಂತ ಏರುತ್ತಾ ಹೋಗಿದ್ದರೆ ಕಳ್ಳ ಒಂದು ಕಂತೂ ಕಟ್ಟಿಲ್ಲ ಅಂತ ಅರ್ಥ. ಎರಡನೆಯದು ವಿಚಾರಣೆಗಳ ಪಟ್ಟಿ, ಅಂದರೆ ಯಾವ ಸಂಸ್ಥೆ ಯಾವತ್ತು ನಿಮ್ಮ ರಿಪೋರ್ಟ್ ತರಿಸಿ ನೋಡಿತು ಅನ್ನೋದು. ನೀವು ಅರ್ಜಿಯೇ ಹಾಕದ ಸಂಸ್ಥೆಗಳು ಅಲ್ಲಿದ್ದರೆ ಅಲ್ಲೂ ಯಾರೋ ನಿಮ್ಮ ಹೆಸರಲ್ಲಿ ಕೈ ಹಾಕಿದ್ದಾರೆ.

ಮೂರನೆಯದನ್ನು ಬಹಳ ಮಂದಿ ಗಮನಿಸುವುದೇ ಇಲ್ಲ. ವೈಯಕ್ತಿಕ ವಿವರದ ಭಾಗದಲ್ಲಿ ಸಾಲ ಕೊಟ್ಟವರು ಕಳಿಸಿದ ವಿಳಾಸ, ಫೋನ್ ನಂಬರ್, ಇ-ಮೇಲ್ ಎಲ್ಲ ಸೇರಿಕೊಂಡಿರುತ್ತವೆ. ನೀವು ಯಾವತ್ತೂ ವಾಸವಿಲ್ಲದ ಊರಿನ ವಿಳಾಸ, ನಿಮ್ಮದಲ್ಲದ ಮೊಬೈಲ್ ನಂಬರ್ ಅಲ್ಲಿ ಕಂಡರೆ ಅದು ಕಳ್ಳ ಕೊಟ್ಟ ವಿವರ. ನಿಮಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸುಲಭದಲ್ಲಿ ಸಿಗಲ್ಲ. ಆ ಪುಟವನ್ನು ದೂರಿನ ಜೊತೆ ಲಗತ್ತಿಸಿ.

ಸಾಲದ ಆಚೆಗೂ ಕಣ್ಣು ಹಾಯಿಸಬೇಕು. ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದಲ್ಲಿ ನಿಮ್ಮ ಹೆಸರಲ್ಲಿರುವ ಸಿಮ್‌ಗಳನ್ನು ನೋಡಿ, ನಿಮ್ಮದಲ್ಲದ್ದನ್ನು ಅಲ್ಲೇ ಗುರುತಿಸಬಹುದು. ಜಿಎಸ್‌ಟಿ ಪೋರ್ಟಲ್‌ನಲ್ಲಿ ಪ್ಯಾನ್ ಹಾಕಿ ಹುಡುಕಿದರೆ ನಿಮ್ಮ ಹೆಸರಲ್ಲಿ ಯಾರಾದರೂ ವ್ಯಾಪಾರ ನೋಂದಾಯಿಸಿದ್ದಾರಾ ಅಂತ ಗೊತ್ತಾಗುತ್ತದೆ. ಕೂಲಿ ಮಾಡುವವರಿಗೆ ಕೋಟಿಗಟ್ಟಲೆ ತೆರಿಗೆಯ ನೋಟಿಸ್ ಬಂದ ಸುದ್ದಿಗಳ ಹಿಂದೆ ಇರುವುದು ಇಂಥ ಕಳವೇ. ಆಧಾರ್ ಎಲ್ಲೆಲ್ಲಿ ಬಳಕೆಯಾಯಿತು ಅನ್ನೋ ಹಿಂದಿನ 6 ತಿಂಗಳ ವಿವರ ಪ್ರಾಧಿಕಾರದ ಜಾಲತಾಣದಲ್ಲಿ ಸಿಗುತ್ತದೆ. ಬೆರಳಚ್ಚಿಗೆ ಬೀಗ ಹಾಕುವ ಸೌಲಭ್ಯವೂ ಅಲ್ಲೇ ಇದೆ. ಇದನ್ನು ಇವತ್ತೇ ಮಾಡಿ.

ಠಾಣೆಯಲ್ಲಿ ಕೊಡುವ ಚೀಟಿ ಎಫ್‌ಐಆರ್ ಅಲ್ಲ

ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ಹಾಕಿದರೆ ಸ್ವೀಕೃತಿ ಸಂಖ್ಯೆ ಬರುತ್ತದೆ. ಬಹಳ ಜನ ಅದನ್ನೇ ಎಫ್‌ಐಆರ್ ಅಂದುಕೊಂಡು ಸುಮ್ಮನಾಗುತ್ತಾರೆ. ಆದರೆ ಸಾಲ ಕೊಟ್ಟ ಸಂಸ್ಥೆ ಕೇಳುವುದು ಎಫ್‌ಐಆರ್ ಪ್ರತಿಯನ್ನು. ಹಾಗಾಗಿ ಪೋರ್ಟಲ್ ದೂರಿನ ಪ್ರತಿ ಹಿಡಿದು ಠಾಣೆಗೆ ಹೋಗಲೇಬೇಕು. ಕರ್ನಾಟಕದಲ್ಲಿ ಜಿಲ್ಲೆಗಳಲ್ಲಿ ಇಂಥ ಪ್ರಕರಣಗಳಿಗೆ ಸೆನ್ ಠಾಣೆಗಳಿವೆ, ಅಂದರೆ ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳನ್ನು ನೋಡುವ ಠಾಣೆಗಳು.

ಅನ್ವಯಿಸುವ ಕಲಂಗಳು ಗೊತ್ತಿದ್ದರೆ ಮಾತು ಸಲೀಸು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ನೇರವಾಗಿ ಗುರುತಿನ ಕಳವಿಗೇ ಇರುವುದು. 66ಡಿ, ಕಂಪ್ಯೂಟರ್ ಬಳಸಿ ಬೇರೆಯವರಂತೆ ನಟಿಸಿ ಮೋಸ ಮಾಡುವುದಕ್ಕೆ. ಎರಡಕ್ಕೂ 3 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ. ಭಾರತೀಯ ನ್ಯಾಯ ಸಂಹಿತೆಯ 319ನೇ ಕಲಂ ಪ್ರಕಾರ ಸೋಗು ಹಾಕಿ ವಂಚಿಸಿದರೆ 5 ವರ್ಷದವರೆಗೆ ಶಿಕ್ಷೆ.

ಇದು ನಮ್ಮ ವ್ಯಾಪ್ತಿಗೆ ಬರಲ್ಲ, ಸಾಲ ಕೊಟ್ಟ ಕಂಪನಿ ಮುಂಬೈನಲ್ಲಿದೆ, ಅಲ್ಲಿಗೆ ಹೋಗಿ ಅನ್ನೋ ಮಾತು ಬರಬಹುದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ, ಅಪರಾಧ ಎಲ್ಲೇ ನಡೆದಿದ್ದರೂ ಮಾಹಿತಿ ದಾಖಲಿಸಿಕೊಳ್ಳಬೇಕು ಅನ್ನುತ್ತದೆ. ಠಾಣೆಯಲ್ಲಿ ಆಗದಿದ್ದರೆ ಎಸ್‌ಪಿಗೆ ಅಂಚೆಯಲ್ಲಿ ಬರೆಯಬಹುದು, ಆಮೇಲೆ ಮ್ಯಾಜಿಸ್ಟ್ರೇಟ್ ಬಳಿ ಹೋಗಬಹುದು. ಪೊಲೀಸರ ಕಷ್ಟವೂ ಸುಳ್ಳಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯ ಪ್ರಕರಣಗಳ ತನಿಖೆಯನ್ನು ಇನ್‌ಸ್ಪೆಕ್ಟರ್ ದರ್ಜೆಗಿಂತ ಕೆಳಗಿನವರು ಮಾಡುವಂತಿಲ್ಲ. ಹೀಗಾಗಿ 5,000 ರೂಪಾಯಿ ಸಾಲದ ದೂರು ರಾಶಿಯ ಅಡಿಗೆ ಹೋಗುತ್ತದೆ. ಅದಕ್ಕೇ ಕಳ್ಳ ಸಿಗುವ ತನಕ ಕಾಯುತ್ತ ಕೂರಬಾರದು. ಎಫ್‌ಐಆರ್ ಪ್ರತಿ ಕೈಗೆ ಬಂದ ಕೂಡಲೇ ಮುಂದಿನ ಕೆಲಸ ಶುರುವಾಗಬೇಕು.

ಸಾಲ ಕೊಟ್ಟವರಿಗೆ ಬರೆಯುವ ಪತ್ರ

ಇಡೀ ಪ್ರಕ್ರಿಯೆಯ ಗಟ್ಟಿ ಹೆಜ್ಜೆ ಇದು. ಬ್ಯೂರೋಗೆ ಎಷ್ಟೇ ದೂರು ಹಾಕಿದರೂ, ಸಾಲ ಕೊಟ್ಟ ಸಂಸ್ಥೆ ಒಪ್ಪದೆ ಅದು ತಾನಾಗಿ ದಾಖಲೆ ಅಳಿಸುವುದಿಲ್ಲ. 2005ರ ಕ್ರೆಡಿಟ್ ಮಾಹಿತಿ ಕಂಪನಿಗಳ ಕಾಯ್ದೆ ಇರುವುದೇ ಹಾಗೆ. ಬ್ಯೂರೋ ನಿಮ್ಮ ದೂರನ್ನು ಸಾಲ ಕೊಟ್ಟವರಿಗೆ ದಾಟಿಸುತ್ತದೆ, ಅವರು ನಮ್ಮ ದಾಖಲೆ ಸರಿಯಿದೆ ಅಂದರೆ ಅಲ್ಲಿಗೆ ಮುಗಿಯಿತು. ತಪ್ಪು ಮಾಡಿದವರನ್ನೇ ತಪ್ಪಾಗಿದೆಯಾ ಅಂತ ಕೇಳುವ ಈ ಏರ್ಪಾಡು ನ್ಯಾಯವಾದದ್ದಲ್ಲ. ಆದರೆ ಸದ್ಯಕ್ಕೆ ಇರುವುದು ಇದೇ.

ಆದ್ದರಿಂದ ಸಂಸ್ಥೆಯ ಕುಂದುಕೊರತೆ ಅಧಿಕಾರಿಗೆ ಇ-ಮೇಲ್ ಮತ್ತು ರಿಜಿಸ್ಟರ್ಡ್ ಪೋಸ್ಟ್ ಎರಡರಲ್ಲೂ ಬರೆಯಿರಿ. ಈ ಸಾಲ ನನ್ನದಲ್ಲ ಅಂತ ಹೇಳಿ ನಿಲ್ಲಿಸಬೇಡಿ, ಕಡತ ಕೇಳಿ. ಅರ್ಜಿಯ ಪ್ರತಿ, ಕೆವೈಸಿಗೆ ಕೊಟ್ಟ ದಾಖಲೆ ಮತ್ತು ಫೋಟೋ, ಓಟಿಪಿ ಹೋದ ಮೊಬೈಲ್ ನಂಬರ್, ಅರ್ಜಿ ಬಂದ ಐಪಿ ವಿಳಾಸ (ಯಾವ ಇಂಟರ್‌ನೆಟ್ ಸಂಪರ್ಕದಿಂದ ಬಂತು ಅನ್ನೋ ಗುರುತು) ಮತ್ತು ಸಮಯ, ಎಲ್ಲಕ್ಕಿಂತ ಮುಖ್ಯವಾಗಿ ಹಣ ಜಮೆಯಾದ ಬ್ಯಾಂಕ್ ಖಾತೆಯ ವಿವರ.

ಕೊನೆಯದು ಯಾಕೆ ಮುಖ್ಯ? ಡಿಜಿಟಲ್ ಸಾಲಕ್ಕೆ ರಿಸರ್ವ್ ಬ್ಯಾಂಕ್ 2022ರಲ್ಲಿ ತಂದ ನಿಯಮ ಮತ್ತು 2025ರ ಮೇ 8ರ ನಿರ್ದೇಶನಗಳ ಪ್ರಕಾರ, ಕೆಲವು ವಿನಾಯಿತಿ ಬಿಟ್ಟರೆ ಸಾಲದ ಹಣ ನೇರವಾಗಿ ಸಾಲಗಾರರ ಖಾತೆಗೇ ಹೋಗಬೇಕು. ಮಧ್ಯೆ ಬೇರೆಯವರ ಖಾತೆ ಇರಬಾರದು. ಹಣ ಹೋದ ಖಾತೆ ನಿಮ್ಮದಲ್ಲ ಅಂತಾದರೆ ಸಂಸ್ಥೆಗೆ ಎರಡೇ ದಾರಿ. ಒಂದೋ ನೀವು ಸಾಲಗಾರರಲ್ಲ ಅಂತ ಒಪ್ಪಬೇಕು, ಇಲ್ಲವೋ ತಾನೇ ನಿಯಮ ಮುರಿದಿದ್ದೇನೆ ಅಂತ ಒಪ್ಪಬೇಕು. ಇನ್ನೊಂದು ಸಾಧ್ಯತೆ, ನಿಮ್ಮ ಹೆಸರಲ್ಲೇ ನಿಮಗೆ ಗೊತ್ತಿಲ್ಲದ ಖಾತೆ ತೆರೆದಿರುವುದು. ಹಾಗಾದರೆ ಆ ಬ್ಯಾಂಕಿಗೂ ಇದೇ ತರದ ಪತ್ರ ಹೋಗಬೇಕು.

ಇದರ ಜೊತೆಗೇ ನಾಲ್ಕೂ ಬ್ಯೂರೋಗಳಲ್ಲಿ ತಕರಾರು ದಾಖಲಿಸಿ. 2024ರ ಏಪ್ರಿಲ್ 26ರಿಂದ ಜಾರಿಯಲ್ಲಿರುವ ನಿಯಮದ ಪ್ರಕಾರ 30 ದಿನದಲ್ಲಿ ದೂರು ಇತ್ಯರ್ಥ ಆಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು. 30ರಲ್ಲಿ ಸಾಲ ಕೊಟ್ಟವರಿಗೆ ಇರುವುದು 21 ದಿನ. ಅವರು ತಡಮಾಡಿದರೆ ಅವರೇ ಕೊಡಬೇಕು, ಬ್ಯೂರೋ ತಡಮಾಡಿದರೆ ಬ್ಯೂರೋ ಕೊಡಬೇಕು. ತಿದ್ದಲು ಆಗಲ್ಲ ಅಂದರೆ ಕಾರಣವನ್ನೂ ತಿಳಿಸಬೇಕು.

30 ದಿನ ಕಳೆದರೂ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸರಿ ಕಾಣದಿದ್ದರೆ, ಇಂಥ ಸಂಸ್ಥೆಗಳ ಮೇಲಿನ ಗ್ರಾಹಕರ ದೂರು ಕೇಳಿ ತೀರ್ಮಾನಿಸುವ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್ ಇದ್ದಾರೆ. ಖರ್ಚಿಲ್ಲ, ವಕೀಲರೂ ಬೇಕಿಲ್ಲ. 2022ರ ಸೆಪ್ಟೆಂಬರ್‌ನಿಂದ ಬ್ಯೂರೋಗಳ ಮೇಲೂ ಇಲ್ಲಿ ದೂರು ಕೊಡಬಹುದು. ಪೊಲೀಸ್ ಕೇಸ್ ಇದೆ, ಹಾಗಾಗಿ ಇಲ್ಲಿ ಬರುವಂತಿಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಪೊಲೀಸ್ ತನಿಖೆ ನಡೆಯುತ್ತಿರುವುದು ಓಂಬುಡ್ಸ್‌ಮನ್ ದೂರಿಗೆ ಅಡ್ಡಿಯಲ್ಲ ಅಂತ 2021ರ ಯೋಜನೆಯಲ್ಲೇ ಬರೆದಿದೆ.

ಸಣ್ಣ ಮೊತ್ತ, ಕಟ್ಟಿಬಿಟ್ಟರೆ ಏನಾಗುತ್ತೆ?

ಬಾಕಿ 3,000 ರೂಪಾಯಿ. ಏಜೆಂಟ್ ದಿನಾ ಫೋನ್ ಮಾಡುತ್ತಾನೆ, ಕಚೇರಿಯವರಿಗೂ ಮಾಡುತ್ತೇನೆ ಅಂತ ಹೆದರಿಸುತ್ತಾನೆ. ಕಟ್ಟಿ ಕೈ ತೊಳೆದುಕೊಳ್ಳೋಣ ಅನ್ನಿಸುವುದು ಸಹಜ. ಏಜೆಂಟರೂ ಇದನ್ನೇ ಹೇಳುತ್ತಾರೆ: ಈಗ ಕಟ್ಟಿ, ಆಮೇಲೆ ದೂರು ಕೊಡಿ.

ಕಟ್ಟಬೇಡಿ. ಕಟ್ಟಿದ ರಸೀದಿಯೇ ಸಾಲ ನಿಮ್ಮದು ಅನ್ನೋದಕ್ಕೆ ನೀವು ಕೊಟ್ಟ ಸಾಕ್ಷಿಯಾಗುತ್ತದೆ. ಸ್ವಲ್ಪ ಕಡಿಮೆ ಮಾಡಿಸಿ ಮುಗಿಸಿದರೆ ರಿಪೋರ್ಟಿನಲ್ಲಿ ಅದು ಸೆಟಲ್ಡ್ ಅಂತ ಬರುತ್ತದೆ. ಮುಂದೆ ಸಾಲ ಕೊಡುವವರು ಅದನ್ನು, ಪೂರ್ತಿ ಕಟ್ಟದೆ ಬಿಟ್ಟವರು ಅಂತಲೇ ಓದುತ್ತಾರೆ. ಒಂದು ಸಲ ಕಟ್ಟಿದ ಹೆಸರಿನ ಮೇಲೆ ಕಳ್ಳ ಮತ್ತೆ ಸಾಲ ತೆಗೆಯಲು ಅನುಕೂಲವೂ ಆಗುತ್ತದೆ, ಯಾಕೆಂದರೆ ಕಾಗದದ ಮೇಲೆ ಆ ಹೆಸರು ಸಾಲ ತೀರಿಸುವವರದ್ದು.

ಏಜೆಂಟರ ಕಾಟಕ್ಕೂ ಮಿತಿ ಇದೆ. ಬೆಳಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಕರೆ ಮಾಡುವಂತಿಲ್ಲ, ಬೆದರಿಸುವಂತಿಲ್ಲ ಅಂತ ರಿಸರ್ವ್ ಬ್ಯಾಂಕ್ 2022ರ ಆಗಸ್ಟ್‌ನಲ್ಲೇ ಹೇಳಿದೆ. ಫೋನಿನಲ್ಲಿ ವಾದ ಮಾಡಬೇಡಿ. ಎಫ್‌ಐಆರ್ ನಂಬರ್ ಹೇಳಿ, ಏನಿದ್ದರೂ ಬರಹದಲ್ಲಿ ಕಳಿಸಿ ಅನ್ನಿ. ಕರೆಗಳ ದಿನ, ಸಮಯ ಬರೆದಿಟ್ಟುಕೊಳ್ಳಿ.

ಹೊಣೆ ಯಾರದು? ಎರಡು ವಾದ

ಸಾಲ ಕೊಡುವ ಸಂಸ್ಥೆಗಳು ಹೇಳುವುದು ಹೀಗೆ: ಅಡ ಇಡಲು ಏನೂ ಇಲ್ಲದವರಿಗೂ ನಾವು ನಿಮಿಷಗಳಲ್ಲಿ ಸಾಲ ಕೊಡುತ್ತೇವೆ. ಪ್ರತಿ ಅರ್ಜಿಗೂ ಮನೆಗೆ ಹೋಗಿ ಪರಿಶೀಲಿಸಿದರೆ 5,000 ರೂಪಾಯಿಯ ಸಾಲ ಕೊಡುವುದೇ ಅಸಾಧ್ಯ. ಕೆವೈಸಿ ನಿಯಮದಂತೆ ಮಾಡಿದ್ದೇವೆ, ದಾಖಲೆ ಅಸಲಿಯಂತೆಯೇ ಇತ್ತು. ಸಾಲ ಪಡೆದವರೇ ನಾನಲ್ಲ ಅಂತ ಸುಳ್ಳು ಹೇಳುವುದೂ ಉಂಟು. ಹಾಗಾಗಿ ಹೇಳಿದ ತಕ್ಷಣ ಅಳಿಸಲು ಆಗಲ್ಲ.

ಇದರಲ್ಲಿ ಸತ್ಯ ಇದೆ. ಸುಲಭ ಸಾಲದಿಂದ ನಿಜವಾಗಿ ಉಪಕಾರ ಆದವರಿದ್ದಾರೆ.

ಎದುರು ವಾದ ಒಪ್ಪಂದದ ಮೂಲಕ್ಕೇ ಹೋಗುತ್ತದೆ. 1872ರ ಕರಾರು ಕಾಯ್ದೆಯ ಪ್ರಕಾರ ಒಪ್ಪಿಗೆ ಇಲ್ಲದೆ ಕರಾರಿಲ್ಲ. ಸಹಿ ಮಾಡದವರು ಸಾಲಗಾರರೇ ಅಲ್ಲ. ಮೋಸಹೋಗಿದ್ದು ಸಾಲ ಕೊಟ್ಟ ಸಂಸ್ಥೆ, ಹಣ ಹೋಗಿದ್ದು ಅದರದ್ದು. ಆದರೆ ದಾಖಲೆಯಲ್ಲಿ ಸುಸ್ತಿದಾರ ಅನ್ನಿಸಿಕೊಳ್ಳುವುದು ಇದ್ಯಾವುದೂ ಗೊತ್ತಿಲ್ಲದ ಮೂರನೆಯ ವ್ಯಕ್ತಿ. ಪರಿಶೀಲನೆಯಲ್ಲಿ ಉಳಿಸಿದ ಖರ್ಚು ಸಂಸ್ಥೆಯ ಲಾಭವಾಗುತ್ತದೆ, ಅದರಿಂದಾದ ತಪ್ಪಿನ ಖರ್ಚು ಮಾತ್ರ ಬೇರೆಯವರ ಹೆಗಲಿಗೆ ಬೀಳುತ್ತದೆ. ಹೀಗಿರುವ ತನಕ ಪರಿಶೀಲನೆ ಬಿಗಿ ಮಾಡಲು ಸಂಸ್ಥೆಗೆ ಕಾರಣವೇ ಇರುವುದಿಲ್ಲ.

ಎರಡನೆಯ ವಾದವೇ ಸರಿ. ಖಾತೆಯಿಂದ ಹಣ ಹೋದಾಗ ರುಜುವಾತಿನ ಹೊಣೆ ಬ್ಯಾಂಕಿನದು ಅಂತ 2017ರಲ್ಲೇ ಆದ ಮೇಲೆ, ನಕಲಿ ಸಾಲಕ್ಕೂ ಅದೇ ನ್ಯಾಯ ಯಾಕಿಲ್ಲ ಅನ್ನೋ ಪ್ರಶ್ನೆಗೆ ಒಪ್ಪುವಂಥ ಉತ್ತರ ಇಲ್ಲ. ತಡೆಯುವ ದಾರಿಯೂ ಗೊತ್ತಿರುವಂಥದ್ದೇ. ಅಮೆರಿಕದಲ್ಲಿ 2018ರ ಸೆಪ್ಟೆಂಬರ್‌ನಿಂದ ಯಾರು ಬೇಕಾದರೂ ತಮ್ಮ ಕ್ರೆಡಿಟ್ ಕಡತವನ್ನು ಪುಕ್ಕಟೆ ಮುಚ್ಚಿಸಬಹುದು. ಮುಚ್ಚಿದ ಕಡತ ನೋಡಲಾಗದ ಸಂಸ್ಥೆ ಹೊಸ ಸಾಲ ಕೊಡುವುದಿಲ್ಲ. ನಮ್ಮ 2005ರ ಕಾಯ್ದೆಯಲ್ಲಿ ಅಂಥ ಹಕ್ಕಿಲ್ಲ.

ಪರಿಹಾರ ಕೇಳುವ ಬಾಗಿಲು ಮುಚ್ಚುತ್ತಿದೆ

ಮಾಹಿತಿ ಸೋರಿದ್ದು ಇಂಥ ಕಂಪನಿಯಿಂದಲೇ ಅಂತ ತೋರಿಸಲು ಸಾಧ್ಯವಿದ್ದವರಿಗೆ ಇವತ್ತು ಒಂದು ದಾರಿ ಇದೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ಎ ಕಲಂ, ಸೂಕ್ಷ್ಮ ಮಾಹಿತಿಯನ್ನು ಸರಿಯಾಗಿ ಕಾಯದ ಸಂಸ್ಥೆ ನಷ್ಟವಾದವರಿಗೆ ಪರಿಹಾರ ಕೊಡಬೇಕು ಅನ್ನುತ್ತದೆ. 5 ಕೋಟಿ ರೂಪಾಯಿವರೆಗಿನ ಅಹವಾಲನ್ನು ರಾಜ್ಯದ ಐಟಿ ಇಲಾಖೆ ಕಾರ್ಯದರ್ಶಿಯೇ ಕೇಳಿ ತೀರ್ಮಾನಿಸುತ್ತಾರೆ. ಇದು ಬಹಳ ಜನಕ್ಕೆ ಗೊತ್ತೇ ಇಲ್ಲ.

ಹೊಸ ದತ್ತಾಂಶ ಕಾಯ್ದೆ ಪೂರ್ತಿ ಜಾರಿಯಾದಾಗ ಈ 43ಎ ರದ್ದಾಗುತ್ತದೆ. ಅದರ ಜಾಗಕ್ಕೆ ಬರುವುದು ದಂಡ ಮಾತ್ರ. ದೊಡ್ಡ ದಂಡದ ಹೆದರಿಕೆಯಿಂದ ಸೋರಿಕೆಯೇ ಕಡಿಮೆಯಾಗುತ್ತದೆ ಅನ್ನೋದು ಇದರ ಪರವಾದ ಮಾತು. ಮಾಹಿತಿ ಸೋರಿದರೆ ಸಂಬಂಧಪಟ್ಟ ಪ್ರತಿಯೊಬ್ಬರಿಗೂ ತಿಳಿಸಬೇಕು ಅನ್ನೋದು ಹೊಸ ಕಾಯ್ದೆಯ ನಿಜವಾದ ಲಾಭ. ಇಲ್ಲಿಯವರೆಗೆ ಅದೂ ಇರಲಿಲ್ಲ. ಆದರೆ 2018ರಲ್ಲಿ ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಸಮಿತಿ ಕೊಟ್ಟ ಕರಡಿನಲ್ಲಿ, ಹಾನಿಯಾದವರು ಪರಿಹಾರ ಕೇಳುವ ಹಕ್ಕು ಇತ್ತು. ಅದನ್ನು ಬಿಟ್ಟಿದ್ದು ತಪ್ಪು. ತಮಗೇನೂ ಸಿಗದ ಕಡೆ ದೂರು ಕೊಡಲು ಎಷ್ಟು ಜನ ಮುಂದೆ ಬರುತ್ತಾರೆ? ದೂರೇ ಬರದಿದ್ದರೆ ದಂಡ ಹಾಕುವುದಾದರೂ ಹೇಗೆ?

ಅಳಿಸಿದ ಸಾಲ ಮತ್ತೆ ಬರಬಹುದು

ದಾಖಲೆ ತಿದ್ದಿಸಿದ ಮೇಲೂ ಕಡತ ಎಸೆಯಬೇಡಿ. ವಸೂಲಾಗದ ಸಾಲಗಳನ್ನು ಸಂಸ್ಥೆಗಳು ಒಟ್ಟಿಗೆ ಕಟ್ಟಿ ಆಸ್ತಿ ಪುನರ್ನಿರ್ಮಾಣ ಕಂಪನಿಗಳಿಗೆ ಮಾರುತ್ತವೆ. ಆ ಕಟ್ಟಿನಲ್ಲಿ ನಿಮ್ಮ ಹೆಸರಿನ ನಕಲಿ ಸಾಲವೂ ಸೇರಿದ್ದರೆ, ವರ್ಷದ ನಂತರ ಕೊಂಡ ಕಂಪನಿಯ ಹೆಸರಲ್ಲಿ ಅದೇ ಬಾಕಿ ರಿಪೋರ್ಟಿನಲ್ಲಿ ಮತ್ತೆ ತಲೆ ಎತ್ತುತ್ತದೆ. ಹೊಸ ಕಂಪನಿಗೆ ಹಳೆಯ ಪತ್ರವ್ಯವಹಾರ ಗೊತ್ತಿರುವುದಿಲ್ಲ.

ಅದಕ್ಕೇ ಸಾಲ ಕೊಟ್ಟ ಸಂಸ್ಥೆಯಿಂದ ಬರುವ ಕೊನೆಯ ಪತ್ರದ ಮಾತುಗಳನ್ನು ಗಮನಿಸಿ ಓದಿ. ಬಾಕಿ ಇಲ್ಲ ಅಂತಷ್ಟೇ ಇದ್ದರೆ ಸಾಲದು, ಅದು ಸಾಲ ತೀರಿಸಿದವರಿಗೂ ಕೊಡುವ ಪತ್ರ. ಈ ಸಾಲವನ್ನು ನೀವು ಪಡೆದೇ ಇಲ್ಲ, ವಂಚನೆಯಿಂದ ತೆರೆದ ಖಾತೆ ಇದು, ನಾಲ್ಕೂ ಬ್ಯೂರೋಗಳಿಂದ ತೆಗೆಸಿದ್ದೇವೆ ಅಂತ ಸಾಲದ ಸಂಖ್ಯೆಯ ಸಮೇತ ಬರೆಸಿಕೊಳ್ಳಿ. ಆ ಪತ್ರ, ಎಫ್‌ಐಆರ್ ಪ್ರತಿ, ತಿದ್ದುವ ಮುಂಚಿನ ಮತ್ತು ನಂತರದ ರಿಪೋರ್ಟ್, ಇವಿಷ್ಟು ಒಂದೇ ಕಡೆ ಇರಲಿ. ನಾಲ್ಕೂ ರಿಪೋರ್ಟುಗಳನ್ನು ಪ್ರತಿ ವರ್ಷ ತೆಗೆದು, ಸಾಲಗಳ ಪಟ್ಟಿಯ ಜೊತೆಗೆ ವಿಳಾಸದ ಭಾಗವನ್ನೂ ನೋಡಿ. ಕಳ್ಳ ಕೊಟ್ಟ ಮೊಬೈಲ್ ನಂಬರ್ ಅಲ್ಲಿ ಇನ್ನೂ ಉಳಿದಿದ್ದರೆ ಅದನ್ನು ತೆಗೆಸಲು ಬೇರೆಯೇ ತಕರಾರು ಹಾಕಬೇಕು.